ಸಮುದ್ರ ಐತಲ್ಲ!

"ಅಲ್ಲ ಕಣಪ್ಪ, ನಿಮ್ ಚೆನ್ನೈಗೆ ಸಮುದ್ರವೇ ಐತಲ್ಲ, ನಮ್ ಕಾವೇರಿ ಯಾಕೆ?" ಅನ್ನುತ್ತಾರೆ ಮಂಡ್ಯದ ಸೋದರಮಾವ. ಕೇಳಬೇಕಾದ ಪ್ರಶ್ನೆಯೇ. ನೆಮ್ಮೇಲಿಯಲ್ಲಿ ಕಡಲನ್ನು ಸಿಹಿ ಮಾಡುವ, ದಿನಕ್ಕೆ 10 ಕೋಟಿ ಲೀಟರಿನ ಸ್ಥಾವರ 2013ರಲ್ಲೇ ಶುರುವಾಯಿತು. ಆದರೂ 2019ರ ಬರದಲ್ಲಿ ಜೋಲಾರಪೇಟೆಯಿಂದ ರೈಲು ಹತ್ತಿ ಬಂದದ್ದು ಕಾವೇರಿಯೇ! 2024ರಲ್ಲಿ ಇನ್ನೂ 15 ಕೋಟಿ ಲೀಟರಿನದು ಸೇರಿತು. ಕುಡಿಯಲು ಸರಿ, ತಂಜಾವೂರಿನ ಭತ್ತಕ್ಕೆ ಇದೆಲ್ಲಿ ಸಾಕು?

ನನ್ನನ್ನು ಕಾಡುವುದು ಬೇರೆ. ಎಳೆದುಕೊಂಡ ನೀರಿನಲ್ಲಿ ಅರ್ಧಕ್ಕೂ ಹೆಚ್ಚು, ಸುಮಾರು ಇಮ್ಮಡಿ ಉಪ್ಪಾಗಿ ಕಡಲಿಗೇ ವಾಪಸ್ಸು. ಮೀನು ಕಡಿಮೆಯಾಯಿತು ಅನ್ನುತ್ತಾರೆ ಅಲ್ಲಿನ ಬೆಸ್ತರು. ಕಾವೇರಿ ಜಗಳದಲ್ಲಿ ಅವರು ಯಾರ ಕಡೆಯವರೂ ಅಲ್ಲ. ನಮ್ಮ ನಿಮ್ಮ ವ್ಯಾಜ್ಯ ತೀರಲೆಂದು ಉಪ್ಪನ್ನು ಅವರ ಬಾಗಿಲಿಗೆ ಸುರಿಯುವುದು ಯಾವ ನ್ಯಾಯ? ಹಾಗಂತ ಬೇಡವೆನ್ನಲೂ ಆಗದು. ತಿರುವಾನ್ಮಿಯೂರಿನ ನಮ್ಮ ನಲ್ಲಿಗೆ ಬರುವುದೂ ಆ ನೀರೇ.