ಇದು ಯಾರಿಗೆ ಹೇಳ್ತದೆ?

ಕೊಡಗಿನ ತಿತಿಮತಿ ಕಡೆಯ ಆದಿವಾಸಿ ಹಾಡಿಯೊಂದರ ಮನೆಯಲ್ಲಿ ಒಲೆಯ ಮೇಲ್ಗಡೆ ಪುಟ್ಟ ಬಿಳಿ ಡಬ್ಬಿಯೊಂದನ್ನು ಕಟ್ಟುತ್ತಿದ್ದ ಇಂಜಿನಿಯರಿಂಗ್ ಹುಡುಗರನ್ನು ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾರಿಗೆ ಹೇಳ್ತದೆ?" ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಎಣಿಸುವ ಡಬ್ಬಿ ಅದು. ಹುಡುಗರಲ್ಲೊಬ್ಬ ಉತ್ಸಾಹದಿಂದ, "ಸರ್ವರ್‌ಗೆ ಹೋಗ್ತದೆ ಅಜ್ಜಿ, ಬೆಂಗಳೂರಲ್ಲಿ ನಮ್ಮ ಗೈಡ್ ನೋಡ್ತಾರೆ" ಅಂದ. ಅಜ್ಜಿ ಮತ್ತೇನೂ ಕೇಳದೆ ಒಲೆಗೆ ಇನ್ನೊಂದು ಕೊಳ್ಳಿ ನೂಕಿದರು. ಅವರ ಮನೆಯ ಹೊಗೆಯ ಸುದ್ದಿ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಮುಟ್ಟುವ ಏರ್ಪಾಡು ಅದು.

ನಾನು ಆಶ್ರಮ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಹುಟ್ಟೂರು ಪಿರಿಯಾಪಟ್ಟಣದ ಕಡೆ. ಕೆಲಸಕ್ಕೆಂದು ಕೊಡಗಿಗೆ ಬಂದವನು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಜೇನುಕುರುಬರ, ಯರವರ ಮಕ್ಕಳಿಗೆ ಅಕ್ಷರ ಕಲಿಸಿದ ಸಲುಗೆಯಿಂದ ಹಾಡಿಗಳಿಗೆ ಹೋಗಿಬರುವುದು ರೂಢಿಯಾಗಿದೆ. ಅದನ್ನು ತಿಳಿದ ಕಾಲೇಜಿನವರು ಇಂಟರ್ನ್‌ಶಿಪ್ ಹುಡುಗರನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಹಿಂದಿನ ಕೋಣೆ ಅವರಿಗೆ. ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ಓಡಾಡಕೂಡದು, ಆನೆಗಳಿವೆ. ಜಿಗಣೆ ಕಚ್ಚಿದರೆ ಕಿರುಚಕೂಡದು, ನಮ್ಮ ಮನೆಯವರಿಗೆ ನಗು ಬರುತ್ತದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಿಂದ ಬರುವವರಿಗೆ ಮರದ ಹೆಸರು ಗೊತ್ತಿರುತ್ತದೆ, ಬೆಂಗಳೂರಿನಿಂದ ಬರುವವರಿಗೆ ಯಂತ್ರದ ಹೆಸರು. ಇಬ್ಬರೂ ಒಳ್ಳೆಯ ಮಕ್ಕಳೇ. ಇಬ್ಬರೂ ಸರ್ಟಿಫಿಕೇಟು ತೆಗೆದುಕೊಂಡು ಹೋಗುತ್ತಾರೆ.

ಮಡಿಕೇರಿಯ ಗಾಳಿ ದೇಶದಲ್ಲೇ ಅತಿ ಶುದ್ಧವಾದವುಗಳಲ್ಲಿ ಒಂದೆಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಓದಿ ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಬಯಲಿನ ಗಾಳಿಯ ಲೆಕ್ಕ. ಹಾಡಿಯ ಒಲೆಯ ಮುಂದೆ ಕೂತ ಹೆಂಗಸು ಉಸಿರಾಡುವ ಗಾಳಿ ಅದರಲ್ಲಿ ಸೇರಿಲ್ಲ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದೆಂದು ನಮ್ಮ ಸರ್ಕಾರ 2009ರಲ್ಲಿ ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಅಂದಿತು. ಒದ್ದೆ ಸೌದೆ ಉರಿಯುವಾಗ ಡಬ್ಬಿ ತೋರಿಸುವ ಅಂಕಿಯ ಮುಂದೆ ಈ ಎರಡು ಸಂಖ್ಯೆಗಳ ಜಗಳಕ್ಕೆ ಅರ್ಥವೇ ಇಲ್ಲ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ಅದೇ ಸಂಸ್ಥೆಯ ಅಂದಾಜು. ಹಾಗಾಗಿ ಡಬ್ಬಿ ಬೇಡ ಎನ್ನುವವನು ನಾನಲ್ಲ. ಉಜ್ವಲ ಯೋಜನೆಯ ಸಿಲಿಂಡರು ಮೂಲೆಯಲ್ಲಿ ಖಾಲಿ ಕೂತಿರುವ ಮನೆಗಳನ್ನೂ ನೋಡಿದ್ದೇನೆ. ಸೌದೆಗೆ ದುಡ್ಡು ಕೊಡಬೇಕಿಲ್ಲ, ಗ್ಯಾಸಿಗೆ ಕೊಡಬೇಕು.

ಡಬ್ಬಿಗೂ ಅದರದೇ ಮಿತಿ. ಬೆಳಗಿನ ಮಂಜಿನಲ್ಲಿ, ಎಲ್ಲೂ ಒಲೆ ಹೊತ್ತಿರದ ಹೊತ್ತಿನಲ್ಲಿ, ಅಂಗಳದ ಡಬ್ಬಿ ಭಾರೀ ಅಂಕಿ ತೋರಿಸಿತು. ತೇವ ಹೀರಿ ಉಬ್ಬಿದ ಕಣಗಳ ಮೇಲೆ ಬೆಳಕು ಹೆಚ್ಚು ಚೆದುರುವುದರಿಂದ ಅಗ್ಗದ ಯಂತ್ರ ಮಂಜನ್ನೂ ಹೊಗೆಯ ಲೆಕ್ಕಕ್ಕೆ ಸೇರಿಸುತ್ತದೆ. ಹುಡುಗರು ಇದನ್ನು ವಿವರಿಸಿದಾಗ ಹಾಡಿಯ ಯಜಮಾನ ಬಿದ್ದು ಬಿದ್ದು ನಕ್ಕರು. ಹೊಗೆ ಯಾವುದು, ಮಂಜು ಯಾವುದೆಂದು ತಿಳಿಯದವನನ್ನು ಜೇನು ಕೀಳಲು ಮರ ಹತ್ತಿಸುತ್ತಾರೆಯೇ?

ಅಜ್ಜಿಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದು ಯಂತ್ರದ ಪ್ರಶ್ನೆ ಅಂತ ನನಗೆ ಅನ್ನಿಸಲೇ ಇಲ್ಲ. ಋಣದ ಪ್ರಶ್ನೆ ಅದು.

ಮನುಷ್ಯ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆ, ಋಷಿಗಳದ್ದು, ದೇವತೆಗಳದ್ದು, ಪಿತೃಗಳದ್ದು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ತೈತ್ತಿರೀಯ ಸಂಹಿತೆ ಅದನ್ನು ಬ್ರಾಹ್ಮಣನ ಕುರಿತಾಗಿಯೇ ಹೇಳಿದ್ದು; ಶತಪಥ ಬ್ರಾಹ್ಮಣ ಅದನ್ನು ಹುಟ್ಟಿದವರಿಗೆಲ್ಲ ವಿಸ್ತರಿಸಿ ನಾಲ್ಕನೆಯದೊಂದನ್ನೂ ಸೇರಿಸುತ್ತದೆ: ಮನುಷ್ಯರ ಋಣ. ಬಂದವರಿಗೆ ಇರಲು ಎಡೆ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕಂತೆ. ಸರಿ, ಕೊಟ್ಟವನದ್ದು ತೀರಿತು. ಉಂಡವನದ್ದು? ಊಟದ ಹೊತ್ತಿಗೆ ಹುಡುಗರನ್ನು ಕೇಳಿದೆ. "ನಾವೂ ಮುಂದೆ ಯಾರಿಗಾದ್ರೂ ಮಾಡ್ತೀವಿ ಸರ್" ಎಂದಳು ಒಬ್ಬಳು. ಜಾಣ ಉತ್ತರ, ಶಾಸ್ತ್ರವೂ ಒಪ್ಪೀತು. ಆದರೆ ಆ ಸರಪಣಿ ತಿರುಗಿ ತಿರುಗಿ ಎಂದಾದರೂ ಅಜ್ಜಿಯ ಬಾಗಿಲಿಗೆ ಬರುತ್ತದೆಯೇ? ಅಜ್ಜಿ ಬೆಂಗಳೂರಿಗೆ ಹೋಗಿ ಇವರ ಫ್ಲಾಟಿನ ಅಡುಗೆಮನೆಯಲ್ಲಿ ಡಬ್ಬಿ ಕಟ್ಟುವ ದಿನ ಬರುವುದಿಲ್ಲ.

ನಮ್ಮ ಕಡೆಯ ಆದಿವಾಸಿಗಳ ಧರ್ಮದಲ್ಲಿ ಇದಕ್ಕೊಂದು ಉತ್ತರ ಇದೆ ಎಂದು ನನಗೆ ತೋರುತ್ತದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ಕೊಡಗಿನಲ್ಲಿ ಎಲ್ಲರೂ ಬಲ್ಲರು. ಜೇನುಕುರುಬರು, ಯರವರು, ಬೆಟ್ಟಕುರುಬರು ಬಣ್ಣ ಬಳಿದುಕೊಂಡು, ಗಂಡಸರು ಸೀರೆ ಉಟ್ಟು, ಡಬ್ಬ ಬಡಿಯುತ್ತ ಗೋಣಿಕೊಪ್ಪದ ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಕಾಸು ಕೇಳುತ್ತಾರೆ; ಕೊಟ್ಟವರನ್ನೂ ಬೈಯುತ್ತಾರೆ, ಕೊಡದವರನ್ನೂ ಬೈಯುತ್ತಾರೆ. ಆಮೇಲೆ ದೇವಸ್ಥಾನಕ್ಕೆ ಹೋಗಿ ದೇವರನ್ನೇ ಬೈಯುತ್ತಾರೆ, ಇಲ್ಲಿ ಅಚ್ಚುಮಾಡಲಾಗದ ಮಾತುಗಳಲ್ಲಿ. ಅಯ್ಯಪ್ಪ ಇವರನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದನಂತೆ. ಅಲ್ಲಿ ಭದ್ರಕಾಳಿಯನ್ನು ಕಂಡು ಮರುಳಾಗಿ, ಇವರನ್ನು ನಡುಗಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದನಂತೆ. ಆ ಬಾಕಿಯನ್ನು ಇವರು ಪ್ರತಿವರ್ಷ ಕೇಳುತ್ತಾರೆ.

ಹೊರಗಿನವರು ಇದನ್ನು ತಮಾಷೆಯೆಂದು ಫೋಟೋ ಹೊಡೆದುಕೊಳ್ಳುತ್ತಾರೆ. ನನಗಂತೂ ಇದು ಘನವಾದ ತತ್ವ. ದಾಸರಲ್ಲಿ ನಿಂದಾಸ್ತುತಿ ಇದೆ. ಅಲ್ಲಿ ಬೈಗುಳದ ಒಳಗೆ ಹೊಗಳಿಕೆ ಅಡಗಿರುತ್ತದೆ, ಭಕ್ತ ಕೊನೆಗೂ ಸಾಲಗಾರನೇ. ಕುಂಡೆ ಹಬ್ಬದಲ್ಲಿ ಏನೂ ಅಡಗಿಲ್ಲ. ದೇವರೇ ಇಲ್ಲಿ ಸಾಲಗಾರ. ಜೊತೆಗೆ ಕರೆದುಕೊಂಡು ಹೋದವನು ನಡುವೆ ಕೈಬಿಟ್ಟರೆ ಅವನು ದೇವರಾದರೂ ಲೆಕ್ಕ ಕೊಡಬೇಕು. ಆದರೂ ಸಂಬಂಧ ಹರಿದಿಲ್ಲ. ಬೈದು ಮುಗಿದ ಮೇಲೆ ತಪ್ಪಾಯಿತೆಂದು ಅದೇ ದೇವರಿಗೆ ಕೈಮುಗಿಯುತ್ತಾರೆ. ದೇವರೂ ದೊಡ್ಡವನೇ, ಬೈಸಿಕೊಳ್ಳಲು ಪ್ರತಿ ಮೇ ತಿಂಗಳು ದೇವರಪುರದಲ್ಲಿ ಸಿಗುತ್ತಾನೆ. ಡಬ್ಬಿ ಕಟ್ಟಿ ಹೋದವನು ಎಲ್ಲಿ ಸಿಗುತ್ತಾನೆ?

ಅತಿಥಿಯಿಂದ ಲೆಕ್ಕ ಕೇಳುವುದು ಯಾವ ಸಂಸ್ಕೃತಿ, ಕೊಡುವವನಿಗೆ ಫಲಾಪೇಕ್ಷೆ ಇರಬಾರದು ಎಂದು ಗೆಳೆಯರೊಬ್ಬರು ನನ್ನ ಜೊತೆ ವಾದಕ್ಕಿಳಿದರು. ನಿಷ್ಕಾಮವೆಂಬುದು ಕೊಡುವವನು ತನಗೆ ತಾನು ಹೇಳಿಕೊಳ್ಳಬೇಕಾದ ಮಾತು. ಪಡೆದವನು ಅದನ್ನು ಕೊಟ್ಟವನಿಗೆ ಬೋಧಿಸಿದರೆ ಅದು ಕಳ್ಳನ ವೇದಾಂತವಾಗುತ್ತದೆ.

ಪಕ್ಕದ ಕೇರಳದಲ್ಲಿ ಋಣ ತೀರಿಸಲು ಒಮ್ಮೆ ಪ್ರಯತ್ನ ನಡೆದದ್ದುಂಟು. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ಅಲೆಯುತ್ತಿದ್ದ ವಿಜ್ಞಾನಿಗಳಿಗೆ ದಾರಿ ತೋರಿಸಲು ಬಂದ ಕಾಣಿ ಬುಡಕಟ್ಟಿನ ಜನ, ತಾವು ದಣಿವಾರಿಸಿಕೊಳ್ಳಲು ತಿನ್ನುವ ಆರೋಗ್ಯಪಚ್ಚ ಎಂಬ ಗಿಡದ ಗುಟ್ಟು ಹೇಳಿದರು. ಅದರಿಂದ 'ಜೀವನಿ' ಎಂಬ ಔಷಧ ತಯಾರಾಗಿ, ಪರವಾನಗಿ ಹಣ ಮತ್ತು ರಾಯಧನದಲ್ಲಿ ಅರ್ಧ ಪಾಲು ಕಾಣಿಗಳಿಗೆಂದು ಗೊತ್ತಾಯಿತು. 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಆ ಗುಟ್ಟು ಹೇಳಲು ಇವರು ಯಾರು ಎಂದು ಕಾಣಿ ವೈದ್ಯರಲ್ಲೇ ಕೆಲವರು ಆಕ್ಷೇಪಿಸಿದರು. ದುಡ್ಡು ಹಂಚಿದರೂ ಪ್ರಶ್ನೆ ತೀರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಬರೆದಿಟ್ಟಿದೆ. ಅಡುಗೆಮನೆಯ ಹೊಗೆಯ ಅಂಕಿಗಳಿಗೆ ಯಾವ ಪಾಲೂ ಇಲ್ಲ, ಅದರಿಂದ ಔಷಧವೂ ಹುಟ್ಟುವುದಿಲ್ಲ. ಇಲ್ಲಿ ಕೊಡಲು ಇರುವುದು ಒಂದೇ, ತಿರುಗಿ ಬಂದು ಹೇಳುವುದು.

ಊಟದ ಹೊತ್ತಿಗೆ ಜಾಣ ಉತ್ತರ ಕೊಟ್ಟಿದ್ದ ಹುಡುಗಿ ಮರುವರ್ಷ ಬಂದಳು, ಯಾರೂ ಕಳಿಸದೆ. ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದ ಹಾಳೆಯೊಂದು ತಂದಿದ್ದಳು. ಅಜ್ಜಿಯ ಜಗಲಿಯಲ್ಲಿ ಕೂತು ಓದಿದಳು: ಬಿದಿರ ತಟ್ಟಿಯ ಮನೆಗಿಂತ ಸಿಮೆಂಟಿನ ಮನೆಯಲ್ಲಿ ಹೊಗೆ ಹೆಚ್ಚು ಹೊತ್ತು ನಿಲ್ಲುತ್ತದೆ, ಕಿಟಕಿ ಸಾಲದು. ಅಜ್ಜಿ ಶುರುಮಾಡಿದರು. ಬಿದಿರಿನ ಸಂದಿನಲ್ಲಿ ಹೊಗೆ ತಾನೇ ಹೋಗ್ತಿತ್ತು, ಇದನ್ನು ತಿಳಿಯಲು ನಿನಗೆ ಒಂದು ವರ್ಷ ಬೇಕಾಯ್ತಾ, ಮನೆ ಕಟ್ಟುವವರು ಬಂದಾಗ ನಿನ್ನ ಡಬ್ಬಿ ಎಲ್ಲಿತ್ತು, ನನ್ನ ಕಣ್ಣು ಹೋದ ಮೇಲೆ ಕಾಗದ ತಂದಿದ್ದೀಯ ಎಂದು ಚೆನ್ನಾಗಿ ಬೈದರು. ಹುಡುಗಿ ತಲೆ ತಗ್ಗಿಸಿ ಬರೆದುಕೊಂಡಳು. ಆಮೇಲೆ ಅಜ್ಜಿ ಅವಳಿಗೆ ಕರಿಕಾಫಿ ಕೊಟ್ಟರು, ಯಜಮಾನರನ್ನು ಕರೆಸಿ ಆ ಹಾಳೆಯನ್ನು ಇನ್ನೊಮ್ಮೆ ಓದಿಸಿದರು. ಅದೇ ಹಾಳೆಯನ್ನು ಲಗತ್ತಿಸಿ, ಕಿಟಕಿ ದೊಡ್ಡದು ಮಾಡಿಸಿಕೊಡಿ ಎಂದು ಹಾಡಿಯವರು ಅರ್ಜಿ ಹಾಕಿದ್ದಾರೆ. ಅರ್ಜಿಯ ಕನ್ನಡ ತಿದ್ದಿದ್ದು ನಾನು. ಕಿಟಕಿ ಇನ್ನೂ ಆಗಿಲ್ಲ.

ಕಾಲೇಜಿನ ಗೈಡುಗಳಿಗೂ ಬರಲಿರುವ ಹುಡುಗರಿಗೂ ನನ್ನದೊಂದು ಕೋರಿಕೆ. ಡಬ್ಬಿ ಯಾವುದಾದರೂ ಇರಲಿ, ಮುಂಗಾರು ಹಿಡಿಯುವ ಮುಂಚೆ ಬನ್ನಿ. ಹಿಂದಿನ ಕೋಣೆಗೆ ಬಾಡಿಗೆ ಇಲ್ಲ, ಊಟಕ್ಕೆ ನಮ್ಮ ಮನೆಯವರು ದುಡ್ಡು ಮುಟ್ಟುವುದಿಲ್ಲ. ಎರಡನೇ ಸಲ ಬಂದು ಹೋಗುವ ಬಸ್ಸಿನ ಖರ್ಚನ್ನು ಮಾತ್ರ ಪ್ರಾಜೆಕ್ಟಿನ ಮೊದಲ ಅರ್ಜಿಯಲ್ಲೇ ಬರೆದುಕೊಂಡು ಬನ್ನಿ.