ಆಪತ್ಕಾಲದ ಸಿದ್ಧತೆ: ಪರಿಗ್ರಹವೋ, ಅಪ್ರಮಾದವೋ?

ಮುಂದೆ ಒದಗಬಹುದಾದ ಆಪತ್ತಿಗಾಗಿ ಧಾನ್ಯ, ನೀರು, ಔಷಧ, ಹಣಗಳನ್ನು ಇಂದೇ ಕೂಡಿಡುವುದು ಅಣುವ್ರತಗಳನ್ನು ಪಾಲಿಸುವ ಶ್ರಾವಕನಿಗೆ ಉಚಿತವೇ ಎಂಬ ಪ್ರಶ್ನೆ ಧರ್ಮಚಿಂತನೆಯಲ್ಲಿ ಏಳುವುದು ಸಹಜ. ಇದು ಪರಿಗ್ರಹದ ಇನ್ನೊಂದು ಹೆಸರು, ಭಯದ ನೆಪದಲ್ಲಿ ಲೋಭವು ಮನೆಯನ್ನು ಹೊಗುತ್ತದೆ ಎಂಬುದು ಒಂದು ಪಕ್ಷ. ಪೂರ್ವಾರ್ಜಿತ ಕರ್ಮದ ಉದಯವನ್ನು ತಡೆಯಬಲ್ಲವರು ಯಾರು, ಬರುವುದು ಬಂದೇ ತೀರುವಾಗ ಸಿದ್ಧತೆಯಿಂದ ಪ್ರಯೋಜನವೇನು ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಶಾಸ್ತ್ರದ ಶಬ್ದಗಳನ್ನೇ ಬಳಸುತ್ತವೆ. ಆದುದರಿಂದ ಅವನ್ನು ಶಾಸ್ತ್ರದ ಬೆಳಕಿನಲ್ಲಿಯೇ ಪರೀಕ್ಷಿಸುವುದು ಯುಕ್ತ.

ಈ ಪರೀಕ್ಷೆ ಕೇವಲ ವಾದವಿನೋದವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಅನಂತ ಚತುರ್ದಶಿ ಕಳೆದ ರಾತ್ರಿ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಮೃತರಾದರು. ಮಣ್ಣಿನ ಗಾರೆಯಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದುದು ಇಷ್ಟೊಂದು ಸಾವಿಗೆ ಮುಖ್ಯ ಕಾರಣವಾಯಿತು. 2005, 2019 ಮತ್ತು 2021ರ ಮಳೆಗಾಲಗಳಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಸಾಂಗಲಿ, ಕೊಲ್ಲಾಪುರ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದೀತೀರದ ಊರುಗಳು ಜಲಾವೃತವಾದವು. ಜೈನ ಒಕ್ಕಲು ಮನೆತನಗಳು ತಲೆತಲಾಂತರದಿಂದ ನೆಲೆಸಿರುವ ಸೀಮೆಯಿದು. ಆಪತ್ತು ಎಲ್ಲೋ ದೂರದ ದೇಶದ ವಾರ್ತೆಯಲ್ಲ. ಅದು ಸಮಾಜದ ಮನೆಬಾಗಿಲಿನ ವಿಷಯ.

ಮೊದಲು ಕರ್ಮದ ಮಾತನ್ನು ನೋಡಬಹುದು. ಜೈನ ಕರ್ಮಸಿದ್ಧಾಂತವು ನಿಯತಿವಾದವಲ್ಲ. ಎಲ್ಲವೂ ನಿಯತವಾಗಿಯೇ ಇದೆ, ಪುರುಷಪ್ರಯತ್ನಕ್ಕೆ ಬೆಲೆಯಿಲ್ಲ ಎಂದು ಬೋಧಿಸಿದವರು ಆಜೀವಿಕರು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆ ಮತದ ಅನುಯಾಯಿಯಾಗಿದ್ದ ಸದ್ದಾಲಪುತ್ತನೆಂಬ ಕುಂಬಾರನ ಪ್ರಸಂಗವಿದೆ. ನಿನ್ನ ಮಡಕೆಗಳನ್ನು ಯಾರಾದರೂ ಒಡೆದುಹಾಕಿದರೆ ಏನು ಮಾಡುವೆ ಎಂದು ಭಗವಾನ್ ಮಹಾವೀರರು ಅವನನ್ನು ಕೇಳುತ್ತಾರೆ. ಅವನನ್ನು ಶಿಕ್ಷಿಸುವೆ ಎಂದು ಉತ್ತರ ಬರುತ್ತದೆ. ಎಲ್ಲವೂ ನಿಯತಿಯಾದರೆ ಒಡೆದವನ ತಪ್ಪೇನು ಎಂಬ ಮರುಪ್ರಶ್ನೆಗೆ ಕುಂಬಾರನಲ್ಲಿ ಉತ್ತರವಿಲ್ಲ. ಮಡಕೆಯ ರಕ್ಷಣೆಯಲ್ಲಿ ಪುರುಷಾರ್ಥವನ್ನು ಒಪ್ಪಿ, ಮನೆಯ ಮಕ್ಕಳ, ವೃದ್ಧರ ರಕ್ಷಣೆಯಲ್ಲಿ ಮಾತ್ರ ಕರ್ಮದ ಹೆಸರು ಹೇಳುವುದು ಧರ್ಮವಲ್ಲ, ಆಲಸ್ಯ. ಮಳೆ ಸುರಿಯುವುದು ಗೃಹಸ್ಥನ ಕೈಯಲ್ಲಿಲ್ಲ. ಮಾಳಿಗೆಯ ಭಾರವನ್ನು ಇಳಿಸುವುದು, ಸೂಚನೆ ಬಂದಾಗ ಹೊರಡುವುದು ಅವನ ಕೈಯಲ್ಲಿದೆ.

ಇದಕ್ಕೆ ಇನ್ನೂ ಬಲವಾದ ಆಧಾರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದೊರೆಯುತ್ತದೆ. ಸಲ್ಲೇಖನೆಗೆ ತಕ್ಕ ಸಂದರ್ಭಗಳನ್ನು ಹೇಳುವಾಗ ಆಚಾರ್ಯರು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ನಾಲ್ಕನ್ನು ಎಣಿಸುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅವು ಪ್ರತೀಕಾರವಿಲ್ಲದವು ಆಗಿರಬೇಕು ಎಂಬ ವಿಶೇಷಣವನ್ನು ಸೇರಿಸುತ್ತಾರೆ. ಈ ಒಂದು ವಿಶೇಷಣದಲ್ಲಿ ಗೃಹಸ್ಥನಿಗೆ ದೊಡ್ಡ ಪಾಠವಿದೆ. ಶಾಂತಚಿತ್ತದಿಂದ ಸ್ವೀಕರಿಸಬೇಕಾದುದು ಪರಿಹಾರವಿಲ್ಲದ ಆಪತ್ತು. ಪರಿಹಾರವಿರುವ ಆಪತ್ತಿಗೆ ಪರಿಹಾರವನ್ನು ಮಾಡಲೇಬೇಕು. ಪ್ರತೀಕಾರ ಸಾಧ್ಯವಿದ್ದೂ ಮಾಡದೆ ಕುಳಿತವನು ತನ್ನ ಸಹನೆಯನ್ನು ವೈರಾಗ್ಯವೆಂದು ಕರೆಯಲಾರನು.

ಅಹಿಂಸೆಯ ದೃಷ್ಟಿಯಿಂದಲೂ ಇದೇ ನಿರ್ಣಯಕ್ಕೆ ಬರಬೇಕಾಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಅದರ ಮೂಲದಲ್ಲಿರುವ ಪ್ರಮಾದವನ್ನು ಮುಂದಿಟ್ಟರು. ಎಚ್ಚರವಿಲ್ಲದ ಮನ, ವಚನ, ಕಾಯಗಳೇ ಹಿಂಸೆಯ ಬೀಜ. ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ ಶ್ರಾವಕನ ಕೊಟ್ಟಿಗೆಯಲ್ಲಿ, ಹೊಳೆಯ ನೀರು ಏರುವ ರಾತ್ರಿ ಕಣ್ಣಿ ಬಿಚ್ಚದೆ ಉಳಿದ ಎಮ್ಮೆ ನಿಂತಲ್ಲಿಯೇ ಮುಳುಗಿ ಸತ್ತರೆ, ಆ ಸಾವನ್ನು ಹೊಳೆಯ ಲೆಕ್ಕಕ್ಕೆ ಮಾತ್ರ ಬರೆಯಲಾಗದು. ಮಳೆಗಾಲಕ್ಕೆ ಮುನ್ನ ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು, ಮೇವನ್ನು ಎಲ್ಲಿಡಬೇಕು, ತಡರಾತ್ರಿಯಾದರೆ ಕಣ್ಣಿ ಬಿಚ್ಚುವವರು ಯಾರು ಎಂಬುದನ್ನು ನಿಶ್ಚಯಿಸಿಡುವುದು ಅಭಯದಾನದ ಒಂದು ರೂಪವೇ ಆಗಿದೆ. ನೆರೆಯ ನೀರಿನೊಡನೆ ಹಾವುಗಳೂ ಆಸರೆ ಹುಡುಕಿ ಮನೆಗೆ ಬರುತ್ತವೆ. ದೀಪವಿಲ್ಲದ ಕತ್ತಲೆಯಲ್ಲಿ ಭಯಗೊಂಡ ಕೈ ಕೋಲಿಗೆ ಹೋಗುತ್ತದೆ. ಕೈಯಲ್ಲಿ ಒಂದು ಟಾರ್ಚ್ ಇದ್ದರೆ ಎರಡು ಜೀವಗಳೂ ಉಳಿಯುತ್ತವೆ. ಸಿದ್ಧತೆಯಿಲ್ಲದ ಮನೆಯಲ್ಲಿ ಆಪತ್ತಿಗಿಂತ ಗಾಬರಿಯಿಂದಾಗುವ ಹಿಂಸೆ ಕಡಿಮೆಯೇನಲ್ಲ.

ಇನ್ನು ಪರಿಗ್ರಹದ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಇದರಲ್ಲಿ ಸತ್ಯಾಂಶವಿದೆ. ಪರಿಗ್ರಹವೆಂದರೆ ವಸ್ತುವಿನ ಇರುವಿಕೆಯಲ್ಲ, ಅದರ ಮೇಲಿನ ಮೂರ್ಛೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹಾಗೆಂದು ಮೂರ್ಛೆಯಿಲ್ಲವೆಂದು ಬಾಯಿಯಲ್ಲಿ ಹೇಳುತ್ತ ಉಗ್ರಾಣ ತುಂಬುವುದು ಸುಲಭ. 2020ರ ಮಾರ್ಚ್ ತಿಂಗಳಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಅಂಗಡಿಗಳ ಮುಂದೆ ಕಂಡ ನೂಕುನುಗ್ಗಲು ಯಾರಿಗೂ ಮರೆತಿರಲಾರದು. ಮುಖಗವುಸು ಮತ್ತು ಕೈಶುದ್ಧಿಯ ದ್ರಾವಣಗಳನ್ನು ಕೇಂದ್ರ ಸರ್ಕಾರ ಆ ತಿಂಗಳು ಕೆಲಕಾಲದ ಮಟ್ಟಿಗೆ ಅವಶ್ಯಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತರಬೇಕಾಯಿತು. ಕಾಯಿದೆ ಬೇಕಾದುದು ಕೊರತೆಗಾಗಿ ಮಾತ್ರವಲ್ಲ; ಕೊರತೆಯನ್ನು ಲಾಭವಾಗಿಸುವ ಮನಸ್ಸುಗಳಿಗಾಗಿ. ಆಪತ್ತಿನ ದಿನ ಕೊಳ್ಳುವವನು ನೆರೆಯವನ ಪಾಲನ್ನು ಕೊಳ್ಳುತ್ತಾನೆ. ಸುಭಿಕ್ಷದ ದಿನ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟವನು ಆಪತ್ತಿನ ದಿನ ಅಂಗಡಿಗೆ ಹೋಗುವುದಿಲ್ಲ. ಅವನ ಪಾಲು ಇನ್ನೊಬ್ಬನಿಗೆ ಉಳಿಯುತ್ತದೆ. ಆದುದರಿಂದ ಕೂಡಿಡುವುದು ದೋಷವೇ ಎಂದು ಕೇಳುವಾಗ ಯಾವಾಗ, ಎಷ್ಟು, ಯಾರಿಗಾಗಿ ಎಂಬ ಮೂರನ್ನೂ ಕೂಡಿಯೇ ಕೇಳಬೇಕು.

ಪರಂಪರೆಯಲ್ಲಿ ಇದಕ್ಕೆ ಎರಡು ಉಜ್ಜ್ವಲ ನಿದರ್ಶನಗಳಿವೆ. ಮೊದಲನೆಯದು ಕನ್ನಡನಾಡಿನ ಜೈನ ಇತಿಹಾಸದ ಆರಂಭದಲ್ಲಿಯೇ ಇದೆ. ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷದ ಕ್ಷಾಮವನ್ನು ಮುಂದಾಗಿ ತಿಳಿಸಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ ಶ್ರವಣಬೆಳಗೊಳದ ಚಂದ್ರಗಿರಿಯ ಪ್ರಾಚೀನ ಶಾಸನ ಹೇಳುತ್ತದೆ. ಮುನಿಗಳಿಗೆ ಕಣಜವಿಲ್ಲ, ಅವರ ಸಿದ್ಧತೆ ಹೊತ್ತಿಗೆ ಮುಂಚೆ ಹೊರಡುವುದರಲ್ಲಿತ್ತು. ಹಿಂದೆ ಉಳಿದವರ ಆಚಾರದಲ್ಲಿ ಕ್ಷಾಮದ ಒತ್ತಡದಿಂದ ಶೈಥಿಲ್ಯ ಬಂದಿತೆಂದು ದಿಗಂಬರ ಪರಂಪರೆ ತಿಳಿಸುತ್ತದೆ. ಎಂದರೆ ಆಪತ್ತು ದೇಹವನ್ನು ಮಾತ್ರವಲ್ಲ, ವ್ರತವನ್ನೂ ಅಲುಗಿಸುತ್ತದೆ. ದೂರದೃಷ್ಟಿ ಎರಡನ್ನೂ ಕಾಯುತ್ತದೆ. ನದಿ ಏರುತ್ತಿದೆಯೆಂದು ಡಂಗುರವಾದ ಮೇಲೂ ಮನೆಯ ಸಾಮಾನಿನ ಮೋಹದಿಂದ ಅಟ್ಟ ಹತ್ತಿ ಕುಳಿತುಕೊಳ್ಳುವ ಗೃಹಸ್ಥನು ನೆನೆಯಬೇಕಾದ ಪ್ರಸಂಗವಿದು.

ಎರಡನೆಯದು ಕಚ್ಛದ ಭದ್ರೇಶ್ವರದ ಶ್ರೇಷ್ಠಿ ಜಗಡೂ ಶಾಹನದು. ಕ್ರಿ.ಶ. 1256ರಿಂದ 1258ರ ಸುಮಾರಿನ ಘೋರ ಕ್ಷಾಮವನ್ನು ಗುರುಗಳಾದ ಪರಮದೇವ ಸೂರಿಗಳಿಂದ ಮುಂದಾಗಿ ತಿಳಿದು ಅವನು ಅಪಾರ ಧಾನ್ಯವನ್ನು ಸಂಗ್ರಹಿಸಿದನೆಂದು ಸರ್ವಾನಂದ ಸೂರಿಗಳ ಜಗಡೂಚರಿತ ಎಂಬ ಸಂಸ್ಕೃತ ಕಾವ್ಯ ವರ್ಣಿಸುತ್ತದೆ. ಕ್ಷಾಮದಲ್ಲಿ ಗುರ್ಜರದ ಅರಸು ವೀಸಲದೇವನು ಧಾನ್ಯ ಕೇಳಿದಾಗ, ಇದರಲ್ಲಿ ನನ್ನದೇನೂ ಇಲ್ಲವೆಂದು ಶ್ರೇಷ್ಠಿ ಹೇಳಿದನಂತೆ. ಕಣಜದೊಳಗಿನ ತಾಮ್ರಪಟದಲ್ಲಿ, ಈ ಧಾನ್ಯ ಬಡವರಿಗಾಗಿ ಎಂದು ಮೊದಲೇ ಬರೆಸಿಡಲಾಗಿತ್ತು. ಕಣಜ ಅದೇ, ಕಾಳು ಅದೇ; ಆ ತಾಮ್ರಪಟವೊಂದು ಪರಿಗ್ರಹವನ್ನು ದಾನವನ್ನಾಗಿ ಮಾಡಿತು. ಅದೇ ಭದ್ರೇಶ್ವರದ ಪ್ರಾಚೀನ ಜಿನಾಲಯ 2001ರ ಜನವರಿ 26ರ ಭೂಕಂಪದಲ್ಲಿ ತೀವ್ರವಾಗಿ ಹಾನಿಗೊಂಡು ಅನಂತರ ಪುನರ್ನಿರ್ಮಾಣವಾಯಿತು. ಕಲ್ಲಿನ ಕಟ್ಟಡ ಬೀಳಬಹುದು. ಕಣಜದ ಮೇಲೆ ಯಾರ ಹೆಸರಿರಬೇಕೆಂಬ ವಿವೇಕ ಮಾತ್ರ ಬೀಳಬಾರದು.

ಇಂದಿನ ಗೃಹಸ್ಥನ ಮನೆಯಲ್ಲಿ ಈ ವಿವೇಕ ಹೇಗೆ ಕಾಣಿಸಬೇಕು? ಶ್ರಾವಕಾಚಾರದ ಮರ್ಯಾದೆಗಳೇ ಇಲ್ಲಿ ದಾರಿ ತೋರಿಸುತ್ತವೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆ ಇರುವುದರಿಂದ ಹಿಟ್ಟನ್ನು ಕೂಡಿಡುವಂತಿಲ್ಲ. ಕೇರಿ ಒಣಗಿಸಿದ ಅಕ್ಕಿ, ಬೇಳೆ, ಕಾಳುಗಳನ್ನೇ ಇಡಬೇಕು. ಅವನ್ನೂ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಹುಳು ಹುಟ್ಟಿ ಸಂಗ್ರಹವೇ ಹಿಂಸೆಗೆ ಕಾರಣವಾಗುತ್ತದೆ. ವ್ಯಾಪಾರದ ದಾಸ್ತಾನಿನಲ್ಲಿರುವಂತೆ ಮೊದಲು ಬಂದುದನ್ನು ಮೊದಲು ಬಳಸಿ, ಬಳಸಿದಷ್ಟನ್ನು ಹೊಸದಾಗಿ ತುಂಬುತ್ತ ಹೋದರೆ ಮೀಸಲು ಸದಾ ಹೊಸದಾಗಿರುತ್ತದೆ, ಬೆಳೆಯುವುದೂ ಇಲ್ಲ. ಹತ್ತು ಹದಿನೈದು ದಿನಗಳಿಗೆ ಸಾಲುವಷ್ಟು, ಅದರಲ್ಲಿ ನೆರೆಮನೆಯವರ ಒಂದು ಪಾಲು ಸೇರಿದಂತೆ, ಸಾಕು. ಈ ಪ್ರಮಾಣವನ್ನು ಪರಿಗ್ರಹಪರಿಮಾಣ ವ್ರತದಲ್ಲಿಯೇ ಸೇರಿಸಿಕೊಂಡರೆ ಮಿತಿ ಮೀರುವ ಭಯವಿರದು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಸೋಸಿದ ನೀರಿಗೆ 48 ನಿಮಿಷ, ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆ. ಆದುದರಿಂದ ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರಿನಂತೆ ಮೂರು ದಿನದ ನೀರನ್ನು, ಎಂದರೆ ಐವರ ಮನೆಗೆ 60 ಲೀಟರನ್ನು, ಮುಚ್ಚಿದ ಶುಚಿಯಾದ ಪಾತ್ರೆಯಲ್ಲಿಟ್ಟು ಆಗಾಗ ಬದಲಿಸುತ್ತಿರಬೇಕು. ಸೋಸುವ ಬಟ್ಟೆಯನ್ನೂ ಉರುವಲನ್ನೂ ಜೊತೆಗಿಟ್ಟು, ಬಳಸುವ ಹೊತ್ತಿಗೆ ಸೋಸಿ ಕುದಿಸಬೇಕು. ನೆರೆನೀರು ಸೇರಿದ ಬಾವಿಯ ನೀರು ಸೋಸಿದ ಮಾತ್ರಕ್ಕೆ ರೋಗಮುಕ್ತವಾಗದು, ಕುದಿಸಲೇಬೇಕು. ವಾಂತಿಭೇದಿಯಾದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುವ ಕ್ರಮ ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಇಲ್ಲಿ ಚಮಚವೆಂದರೆ ಚಹದ ಚಮಚ. ಹಾವು ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಉಳಿದವು ಕೈಚೀಲದಷ್ಟು ಸಣ್ಣವು: ವೃದ್ಧರ ನಿತ್ಯದ ಔಷಧ ಮತ್ತು ವೈದ್ಯರ ಚೀಟಿಯ ಪ್ರತಿ, ಟಾರ್ಚು, ಸ್ವಲ್ಪ ನಗದು, ಜಮೀನು, ವಿಮೆ, ಬ್ಯಾಂಕಿನ ಕಾಗದಗಳ ನಕಲು, ನೀರು ತಾಗದ ಹೊದಿಕೆಯಲ್ಲಿ. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸುವುದು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು ಮನೆಯ ಯಜಮಾನನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಸೊಸೆಗೂ ಶಾಲೆಗೆ ಹೋಗುವ ಮಗುವಿಗೂ ಗೊತ್ತಿರಬೇಕು. ತುರ್ತು ನೆರವಿನ 112, ಅನಿಲ ಸೋರಿಕೆಯ 1906 ಸಂಖ್ಯೆಗಳು ಗೋಡೆಯ ಮೇಲೆ ಬರೆದಿರಬೇಕು, ಏಕೆಂದರೆ ಗಾಬರಿಯಲ್ಲಿ ನೆನಪು ಕೈಕೊಡುತ್ತದೆ.

ಬಸದಿಗಳ ವಿಶ್ವಸ್ಥಮಂಡಳಿಗಳ ಹೊಣೆ ಇದಕ್ಕಿಂತ ಹಿರಿದು. ಧವಲ, ಜಯಧವಲ, ಮಹಾಧವಲಗಳ ತಾಡವೋಲೆಗಳು ಶತಮಾನಗಳ ಕಾಲ ಮೂಡುಬಿದಿರೆಯೊಂದರಲ್ಲಿಯೇ ಉಳಿದಿದ್ದವು. ಒಂದು ಬೆಂಕಿ ಸಾಕಾಗಿತ್ತು, ಸಿದ್ಧಾಂತವೇ ಅಳಿಯಲು. ಪ್ರತಿಗಳಾಗಿ, 1939ರಿಂದ ಷಟ್ಖಂಡಾಗಮ ಮುದ್ರಣಗೊಳ್ಳತೊಡಗಿದ ಮೇಲೆ ಆ ಅಪಾಯ ಕಳೆಯಿತು. ಹಸ್ತಪ್ರತಿ, ದಾಖಲೆ, ಲೆಕ್ಕಪತ್ರಗಳ ಪ್ರತಿ ಬೇರೊಂದು ಊರಿನಲ್ಲಿರಬೇಕು. ಉತ್ಸವದ ದಿನ ಜನ ಹೊರಬೀಳಲು ಎರಡು ದಾರಿ ತೆರೆದಿರಬೇಕು. ನೆರೆಯ ಕಾಲದಲ್ಲಿ ಸಭಾಭವನದ ಬೀಗ ಯಾರ ಕೈಯಲ್ಲಿದೆಯೆಂಬುದು ಮೊದಲೇ ನಿಶ್ಚಯವಾಗಿರಬೇಕು. ಆ ಬೀಗ ತೆರೆಯುವಾಗ ಬಂದವರ ಜಾತಿಮತಗಳನ್ನು ಕೇಳಬಾರದು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರು ಒಂದೇ ಚಾವಣಿಯಡಿ ನಡೆಯುವ ದಿನವದು. ವಾರ್ಷಿಕ ಆಯವ್ಯಯದಲ್ಲಿ ಕಲಶ, ಮೆರವಣಿಗೆಗಳ ಬಾಬ್ತಿನಂತೆ ಆಪತ್ ಮೀಸಲು ನಿಧಿಯ ಬಾಬ್ತೂ ಒಂದಿರುವುದು ಧರ್ಮಸಮ್ಮತ.

ಹೀಗೆ ನೋಡಿದಾಗ ಆರಂಭದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ಭಯದಿಂದ, ಮಿತಿಯಿಲ್ಲದೆ, ತನಗಾಗಿ ಮಾತ್ರ ಕೂಡಿಟ್ಟುದು ಪರಿಗ್ರಹ. ಎಚ್ಚರದಿಂದ, ಮಿತಿಯೊಳಗೆ, ಅನ್ಯರ ಪಾಲನ್ನು ಸೇರಿಸಿ ಕೂಡಿಟ್ಟುದು ಅಪ್ರಮಾದ. ಕೂಡಿಡಬಲ್ಲವನಾಗಿದ್ದೂ ಏನನ್ನೂ ಇಡದೆ ಆಪತ್ತಿನ ದಿನ ಇತರರ ಅನ್ನಕ್ಕೆ ಕೈಯೊಡ್ಡುವುದು ಅಪರಿಗ್ರಹವಲ್ಲ. ತನ್ನ ಹೊರೆಯನ್ನು ಬಡವನ ಹೆಗಲಿಗೆ ದಾಟಿಸುವುದಷ್ಟೇ. ಪ್ರತಿಯೊಂದು ಶ್ರಾವಕ ಕುಟುಂಬವೂ ಮಳೆಗಾಲಕ್ಕೆ ಮುನ್ನ ಒಂದು ಸಂಜೆ ಎಲ್ಲರೂ ಕೂಡಿ ಕುಳಿತು, ಏನಿದೆ, ಎಷ್ಟಿದೆ, ಯಾರಿಗಾಗಿ ಇದೆ ಎಂದು ಒಂದು ಹಾಳೆಯ ಮೇಲೆ ಮೂರು ಕಲಮುಗಳಲ್ಲಿ ಬರೆಯಲಿ. ಮೂರನೆಯ ಕಲಮಿನಲ್ಲಿ ಮನೆಯವರ ಹೆಸರುಗಳಷ್ಟೇ ಇದ್ದರೆ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲವೆಂದು ತಿಳಿಯಬೇಕು.