ರಕ್ಷಣೆಯೆಂಬ ಕಾಯಕ

ದಾವಣಗೆರೆ, ಹರಿಹರಗಳ ಯಾವ ಓಣಿಯಲ್ಲಾದರೂ ಮಕ್ಕಳ ಉಪೇಕ್ಷೆಗೆ ಗುರಿಯಾದ ವೃದ್ಧ ತಾಯಿಯೊಬ್ಬಳು ಇರಬಹುದು. ವಿಚಾರಿಸಲು ಬಂದ ಅಧಿಕಾರಿಗೆ ಆಕೆ 'ದೂರು ಬೇಡ' ಎಂದರೆ ಆತನ ಧರ್ಮವೇನು?

ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯ್ದೆಯ ಪ್ರಕಾರ, ಅಶಕ್ತರು ಒಪ್ಪಿದರೆ ಅವರ ಪರವಾಗಿ ಅನ್ಯರೂ ಜೀವನಾಂಶಕ್ಕೆ ಅರ್ಜಿ ಸಲ್ಲಿಸಬಹುದು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಾನಾಗಿಯೂ ವಿಚಾರಣೆ ಕೈಗೊಳ್ಳಬಹುದು. ಆದರೆ ಅಧಿಕಾರವಿದೆಯೆಂದು ಆಕೆಯ ಮನಸ್ಸನ್ನು ತುಳಿಯುವುದು ರಕ್ಷಣೆಯಲ್ಲ. ಬೇಡವೆಂದಳೆಂದು ಕಡತ ಮುಚ್ಚುವುದು ಕಾಯಕವಲ್ಲ. ಪ್ರಾಣಾಪಾಯವಿದ್ದಲ್ಲಿ ಕ್ಷಣವೂ ಕಾಯಲಾಗದು. ಉಳಿದಂತೆ, ಮಗನ ಮುಂದಲ್ಲ, ಏಕಾಂತದಲ್ಲಿ ಕೇಳಬೇಕು. ಆಕೆಯ ಹಕ್ಕನ್ನು ತಿಳಿಸಬೇಕು. ಮರಳಿ ಹೋಗಿ ನೋಡಬೇಕು. 'ಬೇಡ' ಎಂಬುದು ಭಯದ ಮಾತೋ, ಸ್ವಂತ ನಿಶ್ಚಯವೋ ಎಂಬುದು ಒಂದೇ ಭೇಟಿಯಲ್ಲಿ ತಿಳಿಯದು.

ಅಧಿಕಾರಿಯು ಕರೆಯದೆ ಬರಲಾರ; ಕರೆಯಬೇಕಾದವರು ನೆರೆಯವರಾದ ನಾವು. ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸುವುದೂ ದಾಸೋಹವೇ.